ಸೈಬರ್‌ಮನ್‌ಗಳ ಮೊದಲ ವೇಷ

1966ರ ಅಕ್ಟೋಬರ್‌ನಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ, ದಕ್ಷಿಣ ಧ್ರುವದ ಹಿಮದ ನಡುವೆ ಸೈಬರ್‌ಮನ್‌ಗಳು ಮೊದಲು ಕಾಣಿಸಿಕೊಂಡರು. ಭೂಮಿಯ ಅವಳಿ ಗ್ರಹ ಮೊಂಡಾಸ್‌ನವರು. ಮೂಲತಃ ನಮ್ಮಂಥ ಮನುಷ್ಯರೇ. ಆಯುಸ್ಸು ಕುಗ್ಗುತ್ತ ಬಂದಾಗ ದೇಹದ ಅಂಗಗಳಿಗೆ ಬದಲಿ ಭಾಗ ಹಾಕಿಸಿಕೊಂಡರು. ಭಾವನೆಯೂ ಒಂದು ದೌರ್ಬಲ್ಯವೆಂದು ಮಿದುಳಿನಿಂದ ಅದನ್ನೂ ತೆಗೆಸಿದರು.

ಇವರನ್ನು ಸೃಷ್ಟಿಸಿದವರು ವೈದ್ಯವಿಜ್ಞಾನಿ ಕಿಟ್ ಪೆಡ್ಲರ್ ಮತ್ತು ಜೆರಿ ಡೇವಿಸ್. ಕೃತಕ ಅಂಗ ಜೋಡಣೆ ಎಲ್ಲಿಗೆ ಹೋಗಿ ಮುಟ್ಟೀತೆಂಬ ಪೆಡ್ಲರ್ ಅವರ ಆತಂಕವೇ ಕಥೆಗೆ ಬೀಜ.

ವೇಷವನ್ನು ಹತ್ತಿರದಿಂದ ನೋಡಿ: ಬಟ್ಟೆಯ ಮುಸುಕು, ತಲೆಯ ಮೇಲೆ ದೀಪ, ಎದೆಗೊಂದು ದೊಡ್ಡ ಪೆಟ್ಟಿಗೆ. ಕೈಗಳು ಮಾತ್ರ ಬರಿಯ ಮನುಷ್ಯರವು! ಮಾತಾಡುವಾಗ ಬಾಯಿ ತೆರೆದು ಹಾಗೇ ನಿಲ್ಲುತ್ತದೆ. ತುಟಿ ಅಲುಗದೆ ದನಿ ಹೊರಡುತ್ತದೆ. 1967ರಲ್ಲಿ ಬಂದ ಗಟ್ಟಿ ಮುಖವಾಡಕ್ಕಿಂತ ಈ ಬಟ್ಟೆಯೇ ಹೆಚ್ಚು ಹೆದರಿಸುತ್ತದೆ. ಇವರು ಮೊದಲು ಕಾಣಿಸಿಕೊಂಡ 1966ರ ಆ ಕಥೆಯ ನಾಲ್ಕನೆಯ, ಕೊನೆಯ ಕಂತು ಇಂದು ಬಿಬಿಸಿ ಸಂಗ್ರಹದಲ್ಲಿಲ್ಲ.