ನೆಲಕ್ಕೆರಡು ಅಂಗುಲ ಹತ್ತಿರ: ಬಡವರ ರೇಸುಕಾರಿನ ಚರಿತ್ರೆ

ಸಣ್ಣ ಕಾರನ್ನು ಕೊಂಡ ತರುಣರು ಮೊದಲು ಮಾಡಬಯಸುವ ಕೆಲಸ ಅದರ ಮೈಯನ್ನು ನೆಲದತ್ತ ತಗ್ಗಿಸುವುದು. ಇದನ್ನು ಇಂದಿನ ಹುಡುಗರ ಶೋಕಿಯೆಂದು ತಳ್ಳಿಹಾಕುವ ಹಿರಿಯರು ಅನೇಕರಿದ್ದಾರೆ. ಆದರೆ ಈ ಹುಚ್ಚಿಗೆ ನೂರು ವರ್ಷಗಳ ಚರಿತ್ರೆಯಿದೆ. ಅದರ ಬಹುಭಾಗ ಇಂಗ್ಲೆಂಡಿನ ಮನೆಗಳ ಹಿತ್ತಲಲ್ಲಿ, ಕೈಯಲ್ಲಿ ಹಣವಿಲ್ಲದವರ ನಡುವೆ ನಡೆದುದು. ಅದನ್ನು ಓದುಗ ಮಿತ್ರರ ಮುಂದಿಡುವುದು ಈ ಬರಹದ ಉದ್ದೇಶ.

1921ರಲ್ಲಿ ಹರ್ಬರ್ಟ್ ಆಸ್ಟಿನ್ ಅವರ ಕಾರ್ಖಾನೆ ಸಾಲದಲ್ಲಿ ಮುಳುಗಿ, ಆಡಳಿತವು ಸಾಲಗಾರರ ಪರವಾದ ಅಧಿಕಾರಿಯ ಕೈಸೇರಿತ್ತು. ಸಣ್ಣ ಕಾರೊಂದನ್ನು ಮಾಡೋಣವೆಂದರೆ ನಿರ್ದೇಶಕ ಮಂಡಲಿ ಒಪ್ಪಲಿಲ್ಲ. ಆಸ್ಟಿನ್ ತಮ್ಮ ಮನೆಯಾದ ಲಿಕಿ ಗ್ರೇಂಜಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗನನ್ನು ಕೂರಿಸಿಕೊಂಡು ನಕ್ಷೆ ಬರೆಯಿಸಿದರು. ಹೀಗೆ 1922ರಲ್ಲಿ ಹುಟ್ಟಿದ ಆಸ್ಟಿನ್ ಸೆವೆನ್ 1939ರವರೆಗೆ ಸುಮಾರು 2,90,000ದಷ್ಟು ತಯಾರಾಯಿತು. ಜರ್ಮನಿಯ ಡಿಕ್ಸಿ ಕಂಪನಿ ಅದನ್ನೇ ಪರವಾನಗಿ ಪಡೆದು ತಯಾರಿಸಿತು. 1928ರಲ್ಲಿ ಡಿಕ್ಸಿಯನ್ನು ಕೊಂಡ ಬಿಎಂಡಬ್ಲ್ಯೂ ಕಾರು ತಯಾರಿಕೆಗೆ ಕಾಲಿಟ್ಟದ್ದು ಈ ಪುಟ್ಟ ಗಾಡಿಯ ಮೂಲಕವೇ.

ಸೆವೆನ್ನಿನ ಎಂಜಿನು 747 ಸಿ.ಸಿ.ಯದು. ಎಡಬಲ ಚಕ್ರಗಳ ನಡುವಣ ಅಂತರ ಕೇವಲ 40 ಅಂಗುಲ. ಇಷ್ಟು ಕಿರಿದಾದ ಗಾಡಿ ಎತ್ತರವಾಗಿದ್ದರೆ ತಿರುವಿನಲ್ಲಿ ಏನಾಗುವುದೆಂದು ನಮ್ಮ ಹಳ್ಳಿಯ ಬಸ್ಸಿನ ಮೇಲೆ ಮೂಟೆಗಳೊಡನೆ ಕುಳಿತು ಜಾತ್ರೆಗೆ ಹೋದವರಿಗೆ ಹೇಳಬೇಕಾಗಿಲ್ಲ. ಗಾಡಿ ತಿರುಗುವಾಗ ಒಳಬದಿಯ ಚಕ್ರದ ಮೇಲಿನ ಭಾರ ಹೊರಬದಿಗೆ ಸರಿಯುತ್ತದೆ. ಹೀಗೆ ಸರಿಯುವ ಭಾರವು ಗುರುತ್ವಕೇಂದ್ರದ ಎತ್ತರಕ್ಕೆ ಅನುಗುಣವಾಗಿಯೂ ಚಕ್ರಗಳ ನಡುವಣ ಅಂತರಕ್ಕೆ ವಿಲೋಮವಾಗಿಯೂ ಇರುತ್ತದೆ. ಗುರುತ್ವಕೇಂದ್ರ 24 ಅಂಗುಲ ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಎರಡಂಗುಲ ತಗ್ಗಿಸಿದರೆ ಸರಿಯುವ ಭಾರದಲ್ಲಿ ಹನ್ನೆರಡರಲ್ಲೊಂದು ಪಾಲು ಕಡಿಮೆಯಾಯಿತು. ಚಕ್ರಗಳ ಅಂತರ ಹೆಚ್ಚಿಸಬೇಕಾದರೆ ಹೊಸ ಅಚ್ಚು ಬೇಕು, ಹಣ ಬೇಕು. ಎತ್ತರ ತಗ್ಗಿಸಲು ಸುತ್ತಿಗೆಯೂ ಸಹನೆಯೂ ಸಾಕು. ಬಡವರು ಎರಡನೆಯ ದಾರಿಯನ್ನು ಹಿಡಿದದ್ದು ಸಹಜ.

ಕಂಪನಿಯೇ ಈ ದಾರಿಯನ್ನು ತೋರಿಸಿಯೂ ಇತ್ತು. 1929ರಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್ ಪಂದ್ಯದಲ್ಲಿ ಆರ್ಚಿ ಫ್ರೇಜರ್-ನ್ಯಾಶ್ ಈ ಗಾಡಿಯನ್ನು ಮೂರನೆಯ ಸ್ಥಾನಕ್ಕೆ ತಂದರು. ಮೊದಲ ಸ್ಥಾನ ಪಡೆದುದು ಕರಾಚಿಯೋಲಾ ನಡೆಸಿದ ದೈತ್ಯ ಮರ್ಸಿಡಿಸ್ ಎಂಬುದನ್ನು ನೆನೆದರೆ ಆ ಮೂರನೆಯ ಸ್ಥಾನದ ಬೆಲೆ ತಿಳಿಯುತ್ತದೆ. ಆ ಗೆಲುವಿನ ನೆನಪಿಗೆ 'ಅಲ್ಸ್ಟರ್' ಎಂಬ ಹೆಸರು ಹೊತ್ತು ಮಾರಾಟಕ್ಕೆ ಬಂದ ಮಾದರಿ ಸಾಮಾನ್ಯ ಸೆವೆನ್ನಿಗಿಂತ ತಗ್ಗಾಗಿತ್ತು. 1930ರಲ್ಲಿ ಬ್ರೂಕ್‌ಲ್ಯಾಂಡ್ಸಿನ 500 ಮೈಲಿ ಪಂದ್ಯವನ್ನು ಸ್ಯಾಮಿ ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಸೆವೆನ್ನಿನಲ್ಲಿಯೇ, ಗಂಟೆಗೆ 83 ಮೈಲಿಗಿಂತ ಹೆಚ್ಚಿನ ಸರಾಸರಿಯಲ್ಲಿ ಗೆದ್ದರು. ದೊಡ್ಡ ಕಾರುಗಳಿಗೆ ಹೆಚ್ಚಿನ ಗುರಿ ನಿಗದಿಪಡಿಸಿ ಸಮತೂಕ ತಂದಿದ್ದ ಪಂದ್ಯವದು, ನಿಜ. ಆದರೂ 747 ಸಿ.ಸಿ.ಯ ಎಂಜಿನು ಐದುನೂರು ಮೈಲಿ ಆ ವೇಗದಲ್ಲಿ ಉಸಿರು ಹಿಡಿದದ್ದು ಸುಳ್ಳಲ್ಲವಲ್ಲ!

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೊಸ ಕಾರುಗಳ ಬಹುಪಾಲು ವಿದೇಶಗಳಿಗೆ ರಫ್ತಾಗುತ್ತಿತ್ತು. 1950ರ ಮೇ ತಿಂಗಳವರೆಗೆ ಪೆಟ್ರೋಲಿಗೆ ಪಡಿತರವಿತ್ತು. ಹಳೆಯ ಸೆವೆನ್ನುಗಳು ಮಾತ್ರ ಗುಜರಿಯ ಬೆಲೆಗೆ ಸಿಗುತ್ತಿದ್ದವು. ತರುಣರು ಅವುಗಳ ಕವಚವನ್ನು ಕಿತ್ತೆಸೆದು, ಚಾಸಿಯ ಮೇಲೆ ತಗಡನ್ನೋ ಪ್ಲೈವುಡ್ಡನ್ನೋ ಹೊದಿಸಿ 'ಸ್ಪೆಷಲ್' ಎಂಬ ಹೆಸರಿಟ್ಟು ಓಡಿಸಿದರು. 1939ರಲ್ಲಿ ಸ್ಥಾಪನೆಯಾಗಿದ್ದ 750 ಮೋಟಾರ್ ಕ್ಲಬ್ ಅವರಿಗೆ ತವರುಮನೆಯಾಯಿತು. ಅಲ್ಲಿ ಅವರು ಪರಸ್ಪರ ಕಲಿತ ವಿದ್ಯೆಗಳಲ್ಲಿ ತಗ್ಗಿಸುವುದು ಮುಖ್ಯವಾದದ್ದು.

ಸೆವೆನ್ನಿನ ಮುಂಭಾಗದಲ್ಲಿ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗ್. ಹಿಂದೆ ಚಾಸಿಯ ತುದಿಗಳಿಂದ ಹೊರಚಾಚಿದ ಎರಡು ಕಾಲು-ಕಮಾನುಗಳು. ಈ ಪಟ್ಟಿಗಳನ್ನು ಬಿಚ್ಚಿ, ಕಮ್ಮಾರನಿಗೆ ಕೊಟ್ಟು ಬಾಗನ್ನು ಕಡಿಮೆ ಮಾಡಿಸಿದರೆ ಗಾಡಿ ತಗ್ಗುತ್ತದೆ. ಖರ್ಚು ಕಮ್ಮಾರನ ಕೂಲಿ ಮಾತ್ರ. ಇದರಿಂದ ಇನ್ನೊಂದು ಲಾಭವೂ ದೊರೆಯುತ್ತಿತ್ತು. ಹಿಂದಿನ ಸ್ಪ್ರಿಂಗು ಇಳಿಜಾರಾಗಿದ್ದರೆ, ತಿರುವಿನಲ್ಲಿ ಗಾಡಿ ವಾಲಿದಾಗ ಅಚ್ಚಿನ ಒಂದು ತುದಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸರಿದು, ಹಿಂದಿನ ಚಕ್ರಗಳು ತಾವೇ ಚುಕ್ಕಾಣಿ ಹಿಡಿದಂತೆ ವರ್ತಿಸುತ್ತವೆ. ಸ್ಪ್ರಿಂಗು ನೆಲಕ್ಕೆ ಸಮಾನಾಂತರವಾದರೆ ಅಚ್ಚಿನ ತುದಿಗಳು ಬಹುಮಟ್ಟಿಗೆ ನೇರವಾಗಿ ಮೇಲೆ ಕೆಳಗೆ ಚಲಿಸುತ್ತವೆ; ಆ ಚಾಳಿ ತಗ್ಗುತ್ತದೆ. ವೃತ್ತದ ಸ್ಪರ್ಶಕದ ಪಾಠವನ್ನು ನೆನಪಿಟ್ಟುಕೊಂಡವರು ಇದನ್ನು ಕಾಗದದ ಮೇಲೆ ಬರೆದು ನೋಡಬಹುದು. ಶಾಲೆಯಲ್ಲಿ ಇದೇ ಉದಾಹರಣೆಯನ್ನು ಕೊಟ್ಟಿದ್ದರೆ ಹಿಂದಿನ ಬೆಂಚಿನವರೂ ಎದ್ದು ಕುಳಿತಿರುತ್ತಿದ್ದರು ಎಂದು ಈಗ ಅನಿಸುತ್ತದೆ.

ಈ ಗುಂಪಿನಿಂದ ಬಂದವರಲ್ಲಿ ಕಾಲಿನ್ ಚಾಪ್ಮನ್ ಒಬ್ಬರು. ಲಂಡನ್ನಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗ ಹಳೆಯ ಕಾರುಗಳ ವ್ಯಾಪಾರಕ್ಕೆ ಕೈಹಾಕಿದ ಅವರಿಗೆ 1947ರಲ್ಲಿ ಪೆಟ್ರೋಲ್ ಪಡಿತರದ ನಿಯಮ ಬಿಗಿಯಾದಾಗ ಮಾರಾಟವಾಗದೆ ಉಳಿದದ್ದು 1930ರ ಒಂದು ಆಸ್ಟಿನ್ ಸೆವೆನ್. ಅದನ್ನು ಮುಂದೆ ತಮ್ಮ ಪತ್ನಿಯಾದ ಹೇಜಲ್ ಅವರ ತಂದೆಯ ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಮರುಕಟ್ಟಿದರು. ಅದೇ ಮೊದಲ ಲೋಟಸ್. 1951ರ ಮೂರನೆಯ ಗಾಡಿಯೂ ಸೆವೆನ್ನಿನ ಚಾಸಿಯ ಮೇಲಿನದೇ. ಅದು 750 ವರ್ಗದ ಪಂದ್ಯಗಳಲ್ಲಿ ಎದುರಾಳಿಗಳಿಲ್ಲದಂತೆ ಓಡಿತು. ಆ ಸಂಸ್ಥೆ ಮುಂದೆ ಏಳು ಬಾರಿ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿ ಗೆದ್ದಿತು. ದೂರದ ನ್ಯೂಜಿಲೆಂಡಿನಲ್ಲಿ ಬ್ರೂಸ್ ಮೆಕ್ಲಾರೆನ್ ಎಂಬ ಬಾಲಕ 1950ರ ದಶಕದ ಆದಿಯಲ್ಲಿ ಮೊದಲು ಸ್ಪರ್ಧಿಸಿದ್ದು ಕೂಡ ತಂದೆ ಕೊಂಡ ಹಳೆಯ ಅಲ್ಸ್ಟರಿನಲ್ಲಿ.

ಚಾಪ್ಮನ್ನರಿಗಿಂತ ಹಿಂದಿನವರು ಅಲೆಕ್ ಇಸಿಗೋನಿಸ್. 1906ರಲ್ಲಿ ಸ್ಮಿರ್ನಾದಲ್ಲಿ ಜನಿಸಿ, 1922ರ ಯುದ್ಧದಲ್ಲಿ ಊರು ಉರಿದಾಗ ನಿರಾಶ್ರಿತನಾಗಿ ಹೊರಬಿದ್ದು, ಇಂಗ್ಲೆಂಡಿನ ಬ್ಯಾಟರ್ಸಿ ಪಾಲಿಟೆಕ್ನಿಕ್ಕಿನಲ್ಲಿ ಓದಿದವರು. ಗಣಿತದಲ್ಲಿ ಮೂರು ಬಾರಿ ಅನುತ್ತೀರ್ಣರಾದರು! 1930ರ ದಶಕದಲ್ಲಿ ಅವರು ಗೆಳೆಯ ಜಾರ್ಜ್ ಡೌಸನ್‌ರೊಡನೆ ಸೆವೆನ್ನಿನ ಭಾಗಗಳನ್ನು ಬಳಸಿ, ವರ್ಷಗಟ್ಟಲೆ ಕೈಯಿಂದಲೇ ಒಂದು ಹಗುರವಾದ ರೇಸುಗಾಡಿ ಕಟ್ಟಿದರು. ಅದರ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಬದಲು ರಬ್ಬರನ್ನು ಬಳಸಿದರು. ಆ ರಬ್ಬರು ಇಪ್ಪತ್ತು ವರ್ಷಗಳ ನಂತರ ಮತ್ತೆ ಬಂತು.

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಮತ್ತೆ ಪೆಟ್ರೋಲ್ ಪಡಿತರ ಜಾರಿಯಾದಾಗ, ಬಿಎಂಸಿ ಸಂಸ್ಥೆ ಇಸಿಗೋನಿಸರಿಗೆ ಸಣ್ಣ ಕಾರಿನ ಹೊಣೆ ವಹಿಸಿತು. ಹತ್ತಡಿ ಉದ್ದದ ಗಾಡಿಯಲ್ಲಿ ನಾಲ್ಕು ಜನ ಕೂರಬೇಕು. ಚಕ್ರದ ಗಾತ್ರವನ್ನು 10 ಅಂಗುಲಕ್ಕೆ ಇಳಿಸಲಾಯಿತು. ನಾಲ್ವರು ಪ್ರಯಾಣಿಕರು ಹತ್ತಿದರೆ ಸುಮಾರು 600 ಕಿಲೋ ತೂಕದ ಆ ಗಾಡಿಯ ಭಾರ ಅರ್ಧದಷ್ಟು ಹೆಚ್ಚುತ್ತದೆ. ಮೃದುವಾದ ಸ್ಪ್ರಿಂಗು ಕುಸಿದುಬಿಡುತ್ತದೆ. ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರಿನ ಶಂಕುಗಳು ಒತ್ತಿದಷ್ಟೂ ಗಡುಸಾಗುವುದರಿಂದ ಆ ತೊಂದರೆ ತಪ್ಪಿತು. 1959ರ ಆಗಸ್ಟ್ 26ರಂದು ಹೊರಬಂದ ಈ ಗಾಡಿ ಎರಡು ಹೆಸರುಗಳಲ್ಲಿ ಮಾರಾಟವಾಯಿತು: ಒಂದು ಮೋರಿಸ್ ಮಿನಿ-ಮೈನರ್, ಇನ್ನೊಂದು ಆಸ್ಟಿನ್ ಸೆವೆನ್! ಹಳೆಯ ಹೆಸರನ್ನೇ ಮತ್ತೆ ಇಟ್ಟಿದ್ದರು. ಜನ ಅದನ್ನು ಮರೆತು 'ಮಿನಿ'ಯನ್ನು ಉಳಿಸಿಕೊಂಡರು.

ಇದನ್ನು ಓಟಕ್ಕೆ ಹಚ್ಚುವ ಆಲೋಚನೆ ಇಸಿಗೋನಿಸರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಒತ್ತಾಯಿಸಿದವರು ಅವರ ಗೆಳೆಯ ಜಾನ್ ಕೂಪರ್. 1961ರಲ್ಲಿ ಮಿನಿ ಕೂಪರ್ ಬಂತು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಅದು ಗೆದ್ದದ್ದು ಬಲ್ಲವರಿಗೆ ಗೊತ್ತಿರುವ ಸಂಗತಿ.

ಕೂಪರ್ ಕೊಳ್ಳಲಾರದವರು ಹಳೆಯ ವಿದ್ಯೆಗೆ ಮರಳಿದರು. ಮಿನಿಯ ರಬ್ಬರು ಶಂಕುವಿಗೂ ಚಕ್ರದ ತೋಳಿಗೂ ನಡುವೆ ಕಹಳೆಯಾಕಾರದ ಅಲ್ಯೂಮಿನಿಯಂ ತುಂಡೊಂದಿದೆ. ಅದನ್ನು ಲೇತಿನ ಮೇಲೆ, ಇಲ್ಲವೇ ಗರಗಸದಿಂದ ತುಸು ಮೊಟಕುಗೊಳಿಸಿದರೆ ಸಾಕು. ತೋಳು ಒಂದು ಸನ್ನೆಕೋಲಿನಂತಿದ್ದು, ಆ ತುಂಡು ಆಧಾರಬಿಂದುವಿಗೆ ಹತ್ತಿರವಿರುವುದರಿಂದ, ಕತ್ತರಿಸಿದುದರ ಸುಮಾರು ಮೂರು ಪಟ್ಟು ಮುಂಭಾಗವೂ ಐದು ಪಟ್ಟು ಹಿಂಭಾಗವೂ ತಗ್ಗುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಒಂದು ನೂಲಿನಷ್ಟು ಹೆಚ್ಚು ಕತ್ತರಿಸಿದರೆ ಹಿಂದಿನ ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಶಾಕ್ ಅಬ್ಸಾರ್ಬರನ್ನು ಉದ್ದವಾಗಿಯೇ ಬಿಟ್ಟರೆ, ಜಾಕ್ ಹಾಕಿ ಎತ್ತಿದಾಗ ಆ ತುಂಡಿನ ಗುಂಡು ಕೀಲು ತನ್ನ ಗುಣಿಯಿಂದ ಜಾರಬಹುದು. ಹಾಗೆಯೇ ಇಳಿಸಿ ಓಡಿಸಿದರೆ ಮುಂದಿನದು ಹೇಳಬೇಕಿಲ್ಲ. 1964ರಿಂದ ಕೆಲಕಾಲ ಬಂದ, ರಬ್ಬರಿನ ಜೊತೆಗೆ ದ್ರವವನ್ನು ತುಂಬಿದ ಮಿನಿಗಳಲ್ಲಿ ಇನ್ನೂ ಅಗ್ಗದ ಉಪಾಯವೊಂದಿತ್ತು: ಒತ್ತಡವನ್ನು ಸ್ವಲ್ಪ ಬಿಟ್ಟುಬಿಡುವುದು. ಅದು ಚಿಕಿತ್ಸೆಯಲ್ಲ, ಉಪವಾಸ ಹಾಕಿದಂತೆ.

1960ರಲ್ಲಿ ಬ್ರಿಟನ್ ಸರಕಾರ ಹತ್ತು ವರ್ಷ ಮೀರಿದ ವಾಹನಗಳಿಗೆ ಕಡ್ಡಾಯ ತಪಾಸಣೆ ತಂದಿತು. 1967ರ ಹೊತ್ತಿಗೆ ಅದು ಮೂರು ವರ್ಷದ ಗಾಡಿಗಳಿಗೂ ಅನ್ವಯಿಸಿತು. ಹಿತ್ತಲಿನ ಕಾರು ಕಟ್ಟುವವರಲ್ಲಿ ಅನೇಕರು ಗೊಣಗಿದರು. ಬಡವನ ಏಕೈಕ ಆಟವನ್ನು ಕಸಿದರೆಂಬ ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ರಸ್ತೆಯ ಅಂಚಿನಲ್ಲಿ ನಡೆಯುವವನೂ ಬಡವನೇ, ಅವನಿಗೆ ಬ್ರೇಕು ಹಿಡಿಯುವ ಗಾಡಿ ಬೇಕು. ಆದ್ದರಿಂದ ನನ್ನ ಒಲವು ತಪಾಸಣೆಯ ಕಡೆಗೇ. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇನ್ನೂ ಬಿಗಿಯಾದದ್ದು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸಕೂಡದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಬ್ರಿಟನ್ನಿನದು ಮಾಡಿದ ಕೆಲಸವನ್ನು ಪರೀಕ್ಷಿಸುವ ಕ್ರಮ. ನಮ್ಮದು ಬಹುಮಟ್ಟಿಗೆ ಕೆಲಸವನ್ನೇ ತಡೆಯುವ ಕ್ರಮ. ಚಾಪ್ಮನ್ನರಂಥವರು ಮೊದಲನೆಯದರ ಕೆಳಗೆ ಬೆಳೆಯಬಹುದು, ಎರಡನೆಯದರ ಕೆಳಗೆ ಕಷ್ಟವೇ.

ಹಳೆಯ ಮಿನಿಯ ತಯಾರಿಕೆ 2000ದ ಅಕ್ಟೋಬರಿನಲ್ಲಿ ನಿಂತಿತು. ಅಷ್ಟರಲ್ಲಿ 53 ಲಕ್ಷಕ್ಕೂ ಮಿಕ್ಕಿ ಗಾಡಿಗಳು ಹೊರಬಂದಿದ್ದವು. ಅವುಗಳನ್ನು ಈಗ ಅಕ್ಕರೆಯಿಂದ ಕಾಪಾಡುವವರ ಸಮಸ್ಯೆ ತಿರುವುಮುರುವಾಗಿದೆ. ರಬ್ಬರಿನ ಶಂಕು ವರ್ಷಗಳು ಕಳೆದಂತೆ ತಾನಾಗಿಯೇ ಕುಗ್ಗಿ, ಯಾರೂ ಕೈಹಚ್ಚದೆಯೇ ಗಾಡಿ ನೆಲಕ್ಕಿಳಿಯುತ್ತದೆ. ಹಿಂದಿನವರು ಕತ್ತರಿಸಿ ಮೊಟಕುಗೊಳಿಸಿದ ತುಂಡಿನ ಜಾಗಕ್ಕೆ ತಿರುಪಿನಿಂದ ಉದ್ದ ಹೊಂದಿಸಬಹುದಾದ ತುಂಡನ್ನು ಹಾಕಿ, ಅದನ್ನು ಮತ್ತೆ 1959ರ ಎತ್ತರಕ್ಕೆ ಏರಿಸುತ್ತಾರೆ.