ಪ್ರಶಸ್ತಿ ಬಂದೈತಿ ಅಂತ ಕಾದಂಬರಿ ಓದಬೇಕೇನ್ರಿ?

ಮುಖಪುಟದ ಮೇಲೆ ‘ಜ್ಞಾನಪೀಠ ಪ್ರಶಸ್ತಿ’ ಅಂತ ಅಚ್ಚಾಗಿದ್ದರೆ ಕೈ ತಾನಾಗಿಯೇ ಆ ಪುಸ್ತಕದ ಕಡೆ ಹೋಗುತ್ತದೆ. ಆದರೆ ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಕೊಳ್ಳುವ ಮೊದಲು ಆ ಮುದ್ರೆಯನ್ನು ಎಷ್ಟು ನಂಬಬೇಕು? ಅದರಲ್ಲೂ ಅತೀಂದ್ರಿಯ ಶಕ್ತಿ, ವಿಜ್ಞಾನದ ಬೆರಗು, ಎಲ್ಲೂ ಇಲ್ಲದ ಊರುಗಳ ಕಥೆ ಹೇಳುವ ಕಾದಂಬರಿಗಳನ್ನು? ನಮ್ಮ ಬಳಗ ಈ ಪ್ರಶ್ನೆ ಇಟ್ಟುಕೊಂಡು ಕನ್ನಡದ ಕೆಲವು ಪುಸ್ತಕಗಳ ಹಿಂದಿನ ಇತಿಹಾಸ ನೋಡಿತು.

ತೀರ್ಪು ಕೊಡುವುದು ನಮಗೆ ಹೊಸದಲ್ಲ

ಕಲ್ಪನೆಯ ಕಥೆ ಸಂಗೊಳ್ಳಿ, ಬೈಲಹೊಂಗಲ ಸೀಮೆಯವರಿಗೆ ಹೊರಗಿನದಲ್ಲ. ಬೈಲಹೊಂಗಲದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟಕ್ಕೆ ತೀರ್ಪುಗಾರರ ಸಮಿತಿ ಇರಲಿಲ್ಲ. ಕಥೆ ಹಿಡಿಸಿದರೆ ಬೆಳಗಿನ ತನಕ ಕೂತರು, ಹಿಡಿಸದಿದ್ದರೆ ಕಂಬಳಿ ಝಾಡಿಸಿ ಮನೆಗೆ ಹೋದರು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇತಿಹಾಸ. ಲಾವಣಿಕಾರ ಅದಕ್ಕೆ ಕಲ್ಪನೆ ಬೆರೆಸಿ ಹಾಡಿದರೆ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅನ್ನುವುದು ಕೇಳುವವರಿಗೆ ಗೊತ್ತಾಗುತ್ತದೆ. ಕಟ್ಟಿದ್ದು ಅಂತ ಅದನ್ನು ಬಿಸಾಡುವುದೂ ಇಲ್ಲ.

ಮುದ್ರೆ ಒತ್ತಿದವರು ಯಾರು?

ಅಮೆರಿಕದಲ್ಲಿ 1953ರಿಂದ ವಿಜ್ಞಾನ ಕಥೆಗಳಿಗೆಂದೇ ಹ್ಯೂಗೋ ಪ್ರಶಸ್ತಿ ಇದೆ. ಹಣ ಕಟ್ಟಿ ಸಮ್ಮೇಳನದ ಸದಸ್ಯರಾದ ಓದುಗರೇ ಅದಕ್ಕೆ ಮತ ಹಾಕುತ್ತಾರೆ. ನೆಬ್ಯುಲಾ ಅನ್ನುವ ಇನ್ನೊಂದಕ್ಕೆ ಲೇಖಕರು ಮತ ಹಾಕುತ್ತಾರೆ. ನಮ್ಮಲ್ಲಿ ಜ್ಞಾನಪೀಠವನ್ನೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಸಣ್ಣ ಸಮಿತಿಗಳು ತೀರ್ಮಾನಿಸುತ್ತವೆ.

ಇನ್ನೊಂದು ಮಾತು ಗಮನಿಸಿರಿ. ಮೊದಲು ಜ್ಞಾನಪೀಠ ಒಂದು ಕೃತಿಗೆ ಬರುತ್ತಿತ್ತು. 1982ರಿಂದ ಅದು ಲೇಖಕರ ಒಟ್ಟು ಸಾಧನೆಗೆ ಬರತೊಡಗಿತು. ಹಾಗಾಗಿ ನಮ್ಮ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂದದ್ದು ‘ಶಿಖರಸೂರ್ಯ’ ಕಾದಂಬರಿಯೊಂದಕ್ಕೇ ಅಲ್ಲ. ಲೇಖಕರು ದೊಡ್ಡವರು ಅನ್ನುವುದು ಬೇರೆ, ಕೈಯಲ್ಲಿರುವ ಪುಸ್ತಕ ಓದಿಸಿಕೊಳ್ಳುತ್ತದೆಯೇ ಅನ್ನುವುದು ಬೇರೆ.

ಮೂಕಜ್ಜಿ

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ, ಅದಕ್ಕೆ ಜ್ಞಾನಪೀಠ ಬಂದದ್ದು 1977ರಲ್ಲಿ. ಬಾಲ್ಯದಲ್ಲೇ ವಿಧವೆಯಾದ ಮುದುಕಿ ಹಳೆಯ ವಸ್ತುವೊಂದನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಇದು ಅಪ್ಪಟ ಕಲ್ಪನೆ. ಕಾರಂತರು ಪವಾಡ ತೋರಿಸಲು ಅದನ್ನು ಬಳಸಲಿಲ್ಲ. ದೇವರು, ಮದುವೆ, ಮಡಿ ಇವೆಲ್ಲ ಹೇಗೆ ಹುಟ್ಟಿದವು, ಮನುಷ್ಯ ಅವನ್ನು ಹೇಗೆ ಬದಲಿಸುತ್ತ ಬಂದ ಅಂತ ಕೇಳಲು ಬಳಸಿದರು. ಈ ಪ್ರಶ್ನೆಗಳನ್ನು ಓದು ಬರಹ ಬಲ್ಲ ಪಂಡಿತನ ಬಾಯಲ್ಲಿ ಇಡದೆ, ಊರವರು ಲೆಕ್ಕಕ್ಕೇ ಇಡದ ಅಜ್ಜಿಯ ಬಾಯಲ್ಲಿ ಇಟ್ಟರು.

ಕೊರತೆಯೂ ಉಂಟು. ಬಹುಪಾಲು ಅಜ್ಜಿ ಮತ್ತು ಮೊಮ್ಮಗ ಸುಬ್ರಾಯನ ಮಾತುಕತೆಯೇ. ಮುಂದೇನಾಯಿತು ಅಂತ ಓಡುವ ಕಥೆ ಬೇಕಾದವರಿಗೆ ಬೇಸರ ಬರಬಹುದು. ನಾಗಿ, ರಾಮಣ್ಣನ ಸಂಸಾರದ ಭಾಗಕ್ಕೆ ಬಂದಾಗ ಓದು ಸಲೀಸಾಗುತ್ತದೆ. ಒಟ್ಟಿನಲ್ಲಿ ಈ ಪ್ರಶಸ್ತಿ ನ್ಯಾಯವಾದದ್ದು ಅನ್ನುತ್ತೇವೆ. ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ, ದಿನಕ್ಕೊಂದಿಷ್ಟು ಓದಿರಿ.

ತೇಜಸ್ವಿಯವರ ಎರಡು ಪುಸ್ತಕ

ಪೂರ್ಣಚಂದ್ರ ತೇಜಸ್ವಿಯವರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಚಿದಂಬರ ರಹಸ್ಯ’ಕ್ಕೆ. ಏಲಕ್ಕಿ ಬೆಳೆ ಕುಸಿಯುತ್ತಿರುವ ಮಲೆನಾಡಿನ ಕೆಸರೂರು, ಒಬ್ಬ ವಿಜ್ಞಾನಿಯ ಸಾವು, ಅದನ್ನು ಹುಡುಕಿಕೊಂಡು ಬರುವ ಅಧಿಕಾರಿ. ಪತ್ತೇದಾರಿ ಕಥೆಯಂತೆ ಶುರುವಾಗಿ, ಜಾತಿ ಧರ್ಮದ ಅನುಮಾನಗಳು ಒಂದು ಊರನ್ನು ಹೇಗೆ ತಿನ್ನುತ್ತವೆ ಅನ್ನುವಲ್ಲಿಗೆ ಮುಟ್ಟುತ್ತದೆ. ಪಾತ್ರಗಳು ಬಹಳ, ಮೊದಲಿಗೆ ಹೆಸರು ನೆನಪಿಟ್ಟುಕೊಳ್ಳುವುದೇ ಕಷ್ಟ.

ಅದಕ್ಕಿಂತ ಮೊದಲು, 1980ರಲ್ಲಿ ಬಂದ ‘ಕರ್ವಾಲೊ’ಗೆ ಆ ಪ್ರಶಸ್ತಿ ಬರಲಿಲ್ಲ. ಆದರೆ ಮತ್ತೆ ಮತ್ತೆ ಅಚ್ಚಾಗುತ್ತ, ಕೈಯಿಂದ ಕೈಗೆ ದಾಟುತ್ತ ಬಂತು. ಜೇನು ಹುಡುಕುವ ಹಳ್ಳಿಗ ಮಂದಣ್ಣ ಕಾಡಿನಲ್ಲಿ ಕಂಡ ಹಾರುವ ಓತಿ ಎಂಥದ್ದು ಅಂತ ವಿಜ್ಞಾನಿ ಕರ್ವಾಲೊಗೆ ಗೊತ್ತಾಗುತ್ತದೆ. ವಿಜ್ಞಾನಿಗೆ ಮಂದಣ್ಣನ ಕಣ್ಣು ಬೇಕು, ಮಂದಣ್ಣನಿಗೆ ವಿಜ್ಞಾನಿಯ ಬೆಂಬಲ ಬೇಕು. ಎಸ್ಸೆಸ್ಸೆಲ್ಸಿ ಹುಡುಗರಿಗೂ ಅರ್ಥವಾಗುವ, ನಗಿಸುವ ಪುಸ್ತಕ. ಎರಡರಲ್ಲಿ ಒಂದನ್ನೇ ಓದುವುದಾದರೆ ಪ್ರಶಸ್ತಿ ಬಂದದ್ದನ್ನು ಬಿಟ್ಟು ಇದನ್ನು ಓದಿರಿ.

ಹಾಗಾದರೆ ಆರಿಸುವುದು ಹೇಗೆ?

ಪ್ರಶಸ್ತಿ ಅಂದರೆ ಕೆಲವರು ಓದಿ ಕೊಟ್ಟ ಸಾಕ್ಷಿ. ಸಾಕ್ಷಿ ಕೇಳೋಣ, ತೀರ್ಪು ಮಾತ್ರ ನಮ್ಮದೇ ಇರಲಿ. ಯಾವ ಪ್ರಶಸ್ತಿ, ಪುಸ್ತಕಕ್ಕೋ ಲೇಖಕರಿಗೋ ಅಂತ ಮೊದಲು ನೋಡಿರಿ. ಆಮೇಲೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ಮೂವತ್ತು ಪುಟ ಓದಿರಿ. ಅದರಲ್ಲಿರುವ ಬೆರಗು ಬರೀ ಬೆರಗಾಗಿ ಉಳಿಯುತ್ತದೆಯೋ, ನಮ್ಮ ಹೊಲ, ಮನೆ, ಊರಿನ ಬಗ್ಗೆ ಗೊತ್ತಿಲ್ಲದ್ದೊಂದನ್ನು ತೋರಿಸುತ್ತದೆಯೋ ಅಂತ ಕೇಳಿಕೊಳ್ಳಿರಿ. ತೋರಿಸಿದರೆ ಆ ಪುಸ್ತಕಕ್ಕೆ ರೊಕ್ಕ ಕೊಟ್ಟರೂ ನಷ್ಟವಿಲ್ಲ.