ಬಿರುದು ಬೈಗುಳವಾದ ಬಗೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಮಾಮೂಲಿ ಹಣ್ಣಿಗಿಂತ ಇದರ ಬೆಲೆ ಹೆಚ್ಚು. ಹೀಗಾಗಿ ಚೌಕಾಸಿಯೂ ಹೆಚ್ಚು. ಗಿರಾಕಿ ತೀರ ಕಡಿಮೆಗೆ ಕೇಳಿದರೆ ಮಾರುವಾಕೆ ರೇಗಬೇಕೆಂದಿಲ್ಲ. ‘ನೀವು ದೊಡ್ಡ ಮಂದಿ ಅದೀರಿ, ಹಂಗೇ ಒಯ್ರಿ’ ಎಂದರೆ ಸಾಕು. ಮಾತಿನಲ್ಲಿ ಬಹುವಚನವಿದೆ, ಗೌರವವಿದೆ, ಪುಕ್ಕಟೆ ಕೊಡುವ ಔದಾರ್ಯವೂ ಇದೆ. ಆದರೂ ಗಿರಾಕಿಯ ಮುಖ ಹಣ್ಣಿಗಿಂತ ಕೆಂಪಾಗುತ್ತದೆ.

ಕಲಬುರಗಿಯ ಮನೆ, ಕಚೇರಿ, ಪೇಟೆಗಳಲ್ಲಿ ಇಂಥ ಮಾತಿಗೆ ಬರವಿಲ್ಲ. ‘ಭಾಳ ಶ್ಯಾಣ್ಯಾ ಅದೀ ನೋಡು’ ಎನ್ನಿಸಿಕೊಂಡವನು ಹಿಗ್ಗುವುದಿಲ್ಲ. ಶ್ಯಾಣ್ಯಾ ಎಂದರೆ ಜಾಣ. ಮರಾಠಿಯ ‘ಶಹಾಣಾ’, ಹಿಂದಿಯ ‘ಸಯಾನಾ’ ಇದರ ಬಳಗದವು. ಮೂಲ ಸಂಸ್ಕೃತದ ‘ಸಜ್ಞಾನ’ ಎನ್ನುತ್ತಾರೆ ನಿಘಂಟುಕಾರರು. ಅತಿಜಾಣನನ್ನು ಮರಾಠಿಗರು ‘ದೀಡ್ ಶಹಾಣಾ’, ಅಂದರೆ ಒಂದೂವರೆ ಜಾಣ, ಎಂದು ಅಳೆದೇ ಹೇಳುತ್ತಾರೆ. ಇನ್ನು ಹೊತ್ತೇರಿದ ಮೇಲೆ ಎದ್ದ ಮಗನಿಗೆ ‘ನವಾಬ್ರು ಎದ್ರೇನ್ರಿ?’ ಎಂಬ ಸ್ವಾಗತ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ನವಾಬಗಿರಿ ಹೋಗಿ ಅದರ ಕುಟುಕು ಮಾತ್ರ ಉಳಿಯಿತು.

ನಮ್ಮ ಅಲಂಕಾರಶಾಸ್ತ್ರ ಈ ವಿದ್ಯೆಯನ್ನು ಬಹಳ ಹಿಂದೆಯೇ ಗುರುತಿಸಿದೆ. ನಿಂದಿಸುವಂತೆ ತೋರಿಸುತ್ತ ಹೊಗಳುವುದನ್ನು ದಂಡಿ ‘ವ್ಯಾಜಸ್ತುತಿ’ ಎಂದು ಕರೆದ. 9ನೇ ಶತಮಾನದ ‘ಕವಿರಾಜಮಾರ್ಗ’ ಬಹುಮಟ್ಟಿಗೆ ನೆಚ್ಚಿಕೊಂಡದ್ದು ಆ ದಂಡಿಯನ್ನೇ. ಆ ಕೃತಿಗೆ ಆಶ್ರಯವಿತ್ತ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಸೇಡಂ ತಾಲೂಕಿನ ಇಂದಿನ ಮಳಖೇಡ. 11ನೇ ಶತಮಾನದ ಮಮ್ಮಟ, ಹೊಗಳಿಕೆಯ ಸೋಗಿನ ನಿಂದೆಯನ್ನೂ ಇದೇ ಅಲಂಕಾರಕ್ಕೆ ಸೇರಿಸಿದ. ಹರಿದಾಸರ ನಿಂದಾಸ್ತುತಿಗಳು ಮೊದಲ ಬಗೆಯವು: ದೇವರನ್ನು ಬೈದರೂ ಒಳಗಿರುವುದು ಪ್ರೀತಿ. ನಮ್ಮ ಪೇಟೆಯ ಮಾತು ಎರಡನೆಯ ಬಗೆಯದು.

ಹೀಗೆ ಅರ್ಥ ಕೆಟ್ಟ ಬಿರುದುಗಳಲ್ಲಿ ಬಹು ಪ್ರಸಿದ್ಧವಾದುದು ‘ದೇವಾನಾಂಪ್ರಿಯ’. ದೇವರುಗಳಿಗೆ ಪ್ರಿಯನಾದವನು ಎಂದರ್ಥ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ತನ್ನ ಶಾಸನಗಳಲ್ಲಿ ಈ ಹೆಸರಿನಿಂದಲೇ ಮಾತನಾಡಿದ. ಸಿಂಹಳದ ರಾಜ ತಿಸ್ಸನೂ ಇದನ್ನು ಧರಿಸಿದ. ಮುಂದೆ ಸಂಸ್ಕೃತ ಪಂಡಿತರ ವಾದಗಳಲ್ಲಿ ಇದು ಎದುರಾಳಿಯನ್ನು ಚುಚ್ಚುವ ಪದವಾಯಿತು. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಪ್ರತಿವಾದಿಗೆ ಈ ಸಂಬೋಧನೆ ಸಿಗುತ್ತದೆ. ಭಟ್ಟೋಜಿ ದೀಕ್ಷಿತನಂತೂ ‘ಸಿದ್ಧಾಂತಕೌಮುದಿ’ಯಲ್ಲಿ ಇದರ ಅರ್ಥ ಮೂರ್ಖ ಎಂದೇ ಬರೆದ. ಚಕ್ರವರ್ತಿಯ ಬಿರುದು ದಡ್ಡನ ಪಾಲಾಯಿತು.

ಆ ಚಕ್ರವರ್ತಿಯ ಮಾತು ನಮ್ಮ ಜಿಲ್ಲೆಯಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಅವುಗಳಲ್ಲಿ 12ನೇ ಬಂಡೆಶಾಸನವೂ ಒಂದು. ಅದರ ತಿರುಳು ‘ವಾಕ್‌ಸಂಯಮ’: ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಪರರ ಪಂಥವನ್ನು ಹಳಿಯಬಾರದು, ಸಂದರ್ಭ ಬಂದರೂ ಮಾತು ಹಗುರವಾಗಿರಬೇಕು.

ಹಾಗಾದರೆ ವ್ಯಂಗ್ಯವೆಲ್ಲ ತಪ್ಪೇ? ಹಾಗೆನ್ನಲಾಗದು. ಬುಟ್ಟಿ ಮುಂದಿಟ್ಟುಕೊಂಡು ಬಿಸಿಲಲ್ಲಿ ಕೂತಾಕೆ ಕಾರಿನಲ್ಲಿ ಬಂದವನನ್ನು ನೇರವಾಗಿ ಬೈಯಲಾರಳು. ‘ದೊಡ್ಡ ಮಂದಿ’ ಎನ್ನುವುದೇ ಅವಳ ರಕ್ಷಣೆ. ಅದೇ ಮಾತಿನ ವರಸೆಯನ್ನು ಅತ್ತೆ ಸೊಸೆಯ ಮೇಲೆ, ಸಾಹೇಬರು ಜವಾನನ ಮೇಲೆ ಬಳಸಿದಾಗ ಕಥೆ ಬೇರೆ. ಕೇಳಿದವರಿಗೆ ನೋವಾಗುತ್ತದೆ, ದೂರಿದರೆ ‘ನಾನೇನು ಬೈದೆನೇ? ಜಾಣೆ ಅಂದೆ ಅಷ್ಟೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೈಗುಳಕ್ಕಾದರೆ ಸಾಕ್ಷಿ ಸಿಗುತ್ತದೆ, ಇಂಥ ಹೊಗಳಿಕೆಗೆ ಸಿಗದು. ಆದ್ದರಿಂದ ಮಾತು ಎಷ್ಟು ಮೆದುವಾಗಿದೆ ಎಂಬುದಕ್ಕಿಂತ, ಅದು ಮೇಲಿನವರತ್ತ ಹೋಗುತ್ತಿದೆಯೋ ಕೆಳಗಿನವರತ್ತ ಬೀಳುತ್ತಿದೆಯೋ ಎಂದು ನೋಡುವುದೇ ಶ್ಯಾಣ್ಯಾತನ.